ಆಲ್ತಾಪೀಡ್ರಾದ ಶನಿವಾರದ ನೀರು

ಸೊರಾತೀವಾ ಪುರಸಭೆಯ ಒಡೆತನದಲ್ಲಿ ಒಂದು ಅಗ್ನಿಶಾಮಕ ವಾಹನವಿದೆ. ಮೂರು ಸಾವಿರ ಲೀಟರ್ ಹಿಡಿಯುವ ಟ್ಯಾಂಕು, ತಲಾ ಇಪ್ಪತ್ತು ಮೀಟರಿನ ಹದಿನೈದು ಕ್ಯಾನ್ವಾಸ್ ಪೈಪು, ಒಂದು ಏಣಿ ಮತ್ತು ಸುಸ್ಥಿತಿಯಲ್ಲಿರುವ ಒಂದು ಸೈರನ್ ಅದರಲ್ಲಿವೆ. ಕಳೆದ ಮೂವತ್ತೈದು ವರ್ಷಗಳಲ್ಲಿ ಅದು ನಂದಿಸಿದ ಬೆಂಕಿಗಳು ಒಟ್ಟು ಎರಡು. ಅದರಲ್ಲಿ ಒಂದು ಅದರದೇ ಎಂಜಿನ್ನಿನಲ್ಲಿ ಹೊತ್ತಿಕೊಂಡದ್ದು. ಹಾಗೆಂದು ವಾಹನ ಸುಮ್ಮನೆ ನಿಂತು ತುಕ್ಕು ಹಿಡಿಯುತ್ತಿತ್ತೆಂದು ಯಾರೂ ತಪ್ಪು ತಿಳಿಯಬಾರದು. ನಮ್ಮ ಕೊಲಂಬಿಯಾದಲ್ಲಿ ಗೆದ್ದು ಬಂದ ಆಟಗಾರನನ್ನು ಅಗ್ನಿಶಾಮಕ ವಾಹನದ ನೆತ್ತಿಯ ಮೇಲೆ ನಿಲ್ಲಿಸಿ ಊರು ಸುತ್ತಿಸದಿದ್ದರೆ ಅವನು ಗೆದ್ದದ್ದು ಊರ್ಜಿತವಾಗುವುದಿಲ್ಲ.

ಸೊರಾತೀವಾದ ವಾಹನವನ್ನು ಹತ್ತಿದವರು ಒಬ್ಬರೇ: ಸೈಕಲ್ ಚಾಂಪಿಯನ್ ದೋನ್ ಬೆಲಾರ್ಮಿನೊ ಪಿರಾಬಾನ್. ಇಪ್ಪತ್ತಾರನೇ ವಯಸ್ಸಿನಲ್ಲಿ ಅವರು ಯುರೋಪಿನ ಬೆಟ್ಟಗಳ ಮೇಲೆ ಯುರೋಪಿನವರನ್ನೇ ಹಿಂದಿಕ್ಕಿ ‘ಬೆಟ್ಟದ ದೊರೆ’ಯ ಅಂಗಿ ತೊಟ್ಟು ಬಂದರು. ರೇಡಿಯೊದವರು ಅವರಿಗೆ ‘ಮಂಜಿನ ಮೇಕೆ’ ಎಂದು ಹೆಸರಿಟ್ಟರು. ಅಂದು ವಾಹನ ಹತ್ತಿದ ದೋನ್ ಬೆಲಾರ್ಮಿನೊ ಅದರಿಂದ ಇಳಿದ ಬಗ್ಗೆ ಪುರಸಭೆಯ ಕಡತದಲ್ಲಿ ಯಾವ ದಾಖಲೆಯೂ ಇಲ್ಲ. ಈಗ ಅವರಿಗೆ ಅರವತ್ತೆರಡು. ತೂಕ ತೊಂಬತ್ತೊಂದು ಕಿಲೋ. ಇವತ್ತು ಓಟಕ್ಕೆ ನಿಂತರೆ ತನಗಿಂತ ಮುಂಚೆ ತನ್ನ ಹೊಟ್ಟೆಯೇ ಗೆರೆ ದಾಟಿ ಬಹುಮಾನ ಹೊಡೆದುಕೊಳ್ಳುತ್ತದೆ ಎಂದು ಅವರೇ ಹೇಳಿಕೊಂಡು ನಗುತ್ತಿದ್ದರು.

ನಿವೃತ್ತರಾದ ಮೇಲೆ ಅವರು ‘ಬೆಲಾರ್ಮಿನೊ ಪಿರಾಬಾನ್ ಮಾನವೀಯ ಆರೋಹಣ ಪ್ರತಿಷ್ಠಾನ’ ಸ್ಥಾಪಿಸಿದರು. ಪ್ರತಿಷ್ಠಾನವನ್ನು ನಡೆಸುತ್ತಿದ್ದವರು ಡಾಕ್ಟರ್ ಯಮೀಲೆ. ಆಕೆ ಯಾರ ನಾಡಿಯನ್ನೂ ಹಿಡಿದವರಲ್ಲ. ನಮ್ಮಲ್ಲಿ ಮೇಜಿನ ಹಿಂದೆ ಕೂತವರೆಲ್ಲ ಡಾಕ್ಟರೇ.

ಜನವರಿ ಹದಿನಾಲ್ಕರಂದು ಗುಡ್ಡ ಕುಸಿದು, ಮೇಲಿನ ಹಳ್ಳಿ ಆಲ್ತಾಪೀಡ್ರಾಕ್ಕೆ ಒರತೆಯಿಂದ ನೀರು ತರುತ್ತಿದ್ದ ಪೈಪು ಮುನ್ನೂರು ಮೀಟರಿನಷ್ಟು ಕೊಚ್ಚಿಹೋಯಿತು. ನಲವತ್ತೆರಡು ಮನೆಗಳ ನಲ್ಲಿ ಒಣಗಿತು. ಹಳ್ಳಿಯ ನೀರಿನ ಸಮಿತಿಯ ಅಧ್ಯಕ್ಷೆ ದೋನ್ಯಾ ಪಾಸ್ತೋರಾ, ಶಾಲೆಯ ಮಕ್ಕಳಿಗೆ ಅಡುಗೆ ಮಾಡುವಾಕೆ, ರುವಾನಾ ಕಂಬಳಿ ಹೊದ್ದು ಎರಡು ಗಂಟೆ ನಡೆದು ಪ್ರತಿಷ್ಠಾನದ ಕಚೇರಿಗೆ ಬಂದಳು. ಅರ್ಜಿಯ ಮೂರು ಪ್ರತಿ ತಂದಿದ್ದಳು. ಗುರುತಿನ ಚೀಟಿಯ ನಕಲನ್ನೂ ನಿಯಮದಂತೆ ಮೂಲಕ್ಕಿಂತ ಒಂದೂವರೆ ಪಟ್ಟು ದೊಡ್ಡದಾಗಿ ತೆಗೆಸಿದ್ದಳು. ಇಷ್ಟು ದೊಡ್ಡ ಪಾಸ್ತೋರಾಳನ್ನು ಕಂಡ ಮೇಲೆ ಕಚೇರಿಯವರಿಗೆ ಅನುಮಾನ ಉಳಿಯುವಂತಿರಲಿಲ್ಲ.

“ಡಾಕ್ಟ್ರೇ, ನಮಗೆ ಬೇಕಾಗಿರೋದು ಮುನ್ನೂರು ಮೀಟರ್ ಪೈಪು, ಅಷ್ಟೇ. ಹೂಳೋ ಕೆಲಸ ನಾವೇ ಮಾಡ್ಕೋತೀವಿ.”

“ಪಾಸ್ತೋರಮ್ಮ, ತೊಂದರೆ ಇರೋದೇ ಅಲ್ಲಿ,” ಎಂದರು ಡಾಕ್ಟರ್ ಯಮೀಲೆ. “ಹೂಳ್ತೀರಲ್ಲ! ಹೂತ ಮೇಲೆ ಅದರ ಪಕ್ಕ ನಿಂತು ಫೋಟೊ ತೆಗೆಸಿದರೆ ನೋಡಿದವರು ಯಾರೋ ತೀರಿಕೊಂಡರು ಅಂದ್ಕೋತಾರೆ. ಪ್ರತಿಷ್ಠಾನದ ನಿಯಮದ ಪ್ರಕಾರ ಸಹಾಯ ಅನ್ನೋದು ಕಣ್ಣಿಗೆ ಕಾಣಬೇಕು, ಮೇಲಕ್ಕೆ ಹತ್ತಬೇಕು.”

“ಹಾಗಾದ್ರೆ ಹೂಳಲ್ಲ ಬಿಡಿ. ಮೇಲೇ ಬಿಟ್ಟಿರ್ತೀವಿ.”

“ಮೇಲೆ ಬಿಟ್ಟ ಪೈಪಿಗೆ ಪುರಸಭೆಯ ಒಪ್ಪಿಗೆ ಇಲ್ಲ.”

ಮೂಲೆಯಲ್ಲಿ ಕೂತು ತಮ್ಮದೇ ಹಳೆಯ ಫೋಟೊಗಳಿಗೆ ಸಹಿ ಹಾಕುತ್ತಿದ್ದ ದೋನ್ ಬೆಲಾರ್ಮಿನೊ ಇದನ್ನೆಲ್ಲ ಕೇಳಿಸಿಕೊಂಡರು. ಎದ್ದು ನಿಂತು, “ಪಾಸ್ತೋರಾ, ನಾನಿದ್ದೀನಿ. ನಾನೇ ನೀರು ಹೊತ್ತು ತರ್ತೀನಿ,” ಎಂದರು. ಹೇಗೆ ಎಂದು ಅವರಿಗೆ ಗೊತ್ತಿರಲಿಲ್ಲ. ಡಾಕ್ಟರ್ ಯಮೀಲೆಗೆ ಗೊತ್ತಿತ್ತು. ಆಕೆ ಆಗಲೇ ಅಗ್ನಿಶಾಮಕ ದಳಕ್ಕೆ ಫೋನು ಮಾಡುತ್ತಿದ್ದರು.

ಮೊದಲ ಶನಿವಾರ ಚೌಕದಲ್ಲಿ, ಎಲ್ಲರ ಕಣ್ಣೆದುರು, ಮೂರು ಸಾವಿರ ಲೀಟರ್ ನೀರು ತುಂಬಿಸಲಾಯಿತು. ಪಾದ್ರಿಗಳು ಟ್ಯಾಂಕಿಗೆ ಆಶೀರ್ವಾದ ಮಾಡಿದರು. ಬಳಿಕ ವಾಹನವನ್ನು ಹತ್ತಿದವರ ವಿವರ ಹೀಗಿದೆ: ಚಾಂಪಿಯನ್ನರು, ಮೇಯರ್, ಮೇಯರರ ಪತ್ನಿ, ಪಾದ್ರಿಗಳು, ಆ ವರ್ಷದ ಸುಗ್ಗಿ ಹಬ್ಬದಲ್ಲಿ ಕಿರೀಟ ತೊಟ್ಟ ಆಲೂಗಡ್ಡೆ ರಾಣಿ ಮತ್ತು ಆಕೆಯ ತಾಯಿ, ಹನ್ನೊಂದು ಜನರ ವಾದ್ಯವೃಂದ, ಬ್ಯಾನರು ಹಿಡಿಯಲು ಇಬ್ಬರು. ಸೈರನ್ ಕೂಗಿತು. ಮೂವತ್ತಾರು ವರ್ಷಗಳ ಹಿಂದಿನಂತೆಯೇ ದೋನ್ ಬೆಲಾರ್ಮಿನೊ ಬಲಗೈ ಎತ್ತಿ ಬೀಸಿದರು. ಎಡಗೈಯಲ್ಲಿ ಏಣಿಯನ್ನು ಭದ್ರವಾಗಿ ಹಿಡಿದುಕೊಂಡಿದ್ದರು.

ಊರು ದಾಟಿ ಎರಡು ಕಿಲೋಮೀಟರ್ ಹೋದರೆ ಮೂರು ಶಿಲುಬೆಗಳ ತಿರುವು. ಅಲ್ಲಿಂದ ರಸ್ತೆ ಗೋಡೆಯಂತೆ ಎದ್ದು ನಿಲ್ಲುತ್ತದೆ. ವಾಹನ ಒಮ್ಮೆ ಗುರುಗುಟ್ಟಿತು, ಕೆಮ್ಮಿತು, ಆಮೇಲೆ ಮೆಲ್ಲಗೆ ಹಿಂದಕ್ಕೆ ಜಾರತೊಡಗಿತು. ಆಲೂಗಡ್ಡೆ ರಾಣಿಯ ತಾಯಿ ಸಂತರ ಹೆಸರುಗಳನ್ನು ಒಂದೊಂದಾಗಿ ಕರೆದಳು. ದಳದ ಕ್ಯಾಪ್ಟನ್ ತಿಯೋದುಲೊ ಬ್ರೇಕು ಒತ್ತಿ ಹಿಡಿದು ಕಿಟಕಿಯಿಂದ ತಲೆ ಹೊರಹಾಕಿದರು.

“ಭಾರ ಜಾಸ್ತಿಯಾಯ್ತು! ಒಂದೋ ನೀರು ಹತ್ತುತ್ತೆ, ಇಲ್ಲಾ ನೀವು ಹತ್ತುತ್ತೀರಿ! ಎರಡೂ ಆಗಲ್ಲ!”

ಗಣ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಇಳಿಯುವ ವಿಚಾರ ಯಾರಿಗೂ ಹೊಳೆಯಲಿಲ್ಲವೆಂದು ಹೇಳಲಾಗದು. ಪ್ರತಿಯೊಬ್ಬರಿಗೂ ಪಕ್ಕದವರು ಇಳಿಯಬಹುದೆಂದು ಹೊಳೆದಿತ್ತು. ಆಗ ದೋನ್ ಬೆಲಾರ್ಮಿನೊ ಬಾಯಿ ಬಿಟ್ಟರು. ಏರು ಹತ್ತುವ ಸೈಕಲ್ಲುಗಾರರಿಗೆಲ್ಲ ಒಂದು ಅಭ್ಯಾಸವಿರುತ್ತದೆ: ಬೆಟ್ಟದ ಬುಡದಲ್ಲಿ ಬಾಟಲಿಯ ನೀರನ್ನೆಲ್ಲ ಚೆಲ್ಲಿಬಿಡುವುದು. ತೂಕ ಉಳಿಸಲು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಮುರಿದಿಟ್ಟುಕೊಂಡಿದ್ದ ಮನುಷ್ಯ ಅವರು. ಏರು ಕಂಡದ್ದೇ ತಡ, ನಾಲಿಗೆ ತಾನೇ ತಾನಾಗಿ ಹೊರಳಿತು.

“ನೀರು ಚೆಲ್ಲಿ!” ಎಂದು ಕೂಗಿದರು.

ಚಾಂಪಿಯನ್ ಹೇಳಿದ ಮೇಲೆ ಇನ್ನೇನು? ವಾಲ್ವ್ ತೆರೆಯಿತು. ಮೂರು ಸಾವಿರ ಲೀಟರ್ ಆಶೀರ್ವದಿಸಿದ ನೀರು ರಸ್ತೆಯಗುಂಟ ಹರಿದು ಸೊರಾತೀವಾದ ಕಡೆಗೇ ಹಿಂತಿರುಗಿತು. ಹಗುರಾದ ವಾಹನ ನಿಜವಾಗಿಯೂ ಮೇಕೆಯಂತೆ ಏರಿತು. ತಾನು ಏನು ಹೇಳಿದೆ ಎಂಬುದು ದೋನ್ ಬೆಲಾರ್ಮಿನೊಗೆ ತಿಳಿದದ್ದು ಆಲ್ತಾಪೀಡ್ರಾದ ಶಾಲೆಯ ಅಂಗಳದಲ್ಲಿ ನಲವತ್ತೆರಡು ಮನೆಯವರು ಖಾಲಿ ಕೊಡ, ಕ್ಯಾನು, ಹಾಲಿನ ಪಾತ್ರೆಗಳನ್ನು ಹಿಡಿದು ನಿಂತದ್ದು ಕಂಡಾಗ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಬಲಗೈ ಬೀಸುತ್ತಲೇ ಇತ್ತು.

ಭಾಷಣ ನಡೆಯಿತು, ಮೂರು ಹಾಡು ನುಡಿಸಿದರು. ಡಾಕ್ಟರ್ ಯಮೀಲೆ ರಸೀದಿ ಮುಂದಿಟ್ಟರು. ‘ನೀರನ್ನು ಚಾಂಪಿಯನ್ನರ ಹಸ್ತದಿಂದ ಸಂತೋಷಪೂರ್ವಕವಾಗಿ ಸ್ವೀಕರಿಸಿದ್ದೇವೆ’ ಎಂದಿತ್ತು.

“ನೀರೆಲ್ಲಿ?” ಎಂದಳು ಪಾಸ್ತೋರಾ.

“ರಸೀದಿಯಲ್ಲಿ ಆ ಕಾಲಂ ಇಲ್ಲ,” ಎಂದರು ಡಾಕ್ಟರ್ ಯಮೀಲೆ.

ಪಾಸ್ತೋರಾ ಹುಡುಕಿ ನೋಡಿದಳು. ನಿಜಕ್ಕೂ ಇರಲಿಲ್ಲ. ಸಹಿ ಹಾಕಿ ಹೆಬ್ಬೆಟ್ಟನ್ನೂ ಒತ್ತಿದಳು.

ಎರಡನೇ ವಾರವೂ ಹಾಗೇ ಆಯಿತು. ಒಂದೇ ತಪ್ಪು ಎರಡು ಸಲ ನಡೆದರೆ ಅದಕ್ಕೆ ನಿಯಮದ ಬಲ ಬೇಕಾಗುವುದರಿಂದ ಪ್ರತಿಷ್ಠಾನ ತನ್ನ ನಾಲ್ಕನೇ ಸುತ್ತೋಲೆ ಹೊರಡಿಸಿತು:

‘ಕಾರ್ಯಕ್ರಮದ ಸುಗಮ ಆರೋಹಣದ ದೃಷ್ಟಿಯಿಂದ, ಚೌಕದಲ್ಲಿ ಸಾರ್ವಜನಿಕರ ಸಮಕ್ಷಮ ತುಂಬಿಸಲಾದ ನೀರನ್ನು ಮೂರು ಶಿಲುಬೆಗಳ ತಿರುವಿನಲ್ಲಿ ಗೌರವಪೂರ್ವಕವಾಗಿ ಬೀಳ್ಕೊಡತಕ್ಕದ್ದು. ಬೀಳ್ಕೊಡುವಾಗ ವಾದ್ಯ ನುಡಿಸತಕ್ಕದ್ದಲ್ಲ. ನೀರು ಬಂದಿಲ್ಲವೆಂಬ ಕ್ಷುಲ್ಲಕ ಕಾರಣಕ್ಕೆ ಫಲಾನುಭವಿಗಳು ಚಪ್ಪಾಳೆಯ ಪ್ರಮಾಣವನ್ನು ತಗ್ಗಿಸತಕ್ಕದ್ದಲ್ಲ.’

ಫಲಾನುಭವಿಗಳು ತಗ್ಗಿಸಲಿಲ್ಲ. ನಾಲ್ಕನೇ ಶನಿವಾರ ದೋನ್ ಬೆಲಾರ್ಮಿನೊ ವಾಹನದ ಮೇಲಿಂದ ನೋಡುತ್ತಾರೆ: ತಿರುವಿನ ಕೆಳಗೆ ಹನ್ನೊಂದು ಹೇಸರಗತ್ತೆಗಳು, ಎರಡೂ ಪಕ್ಕಕ್ಕೆ ಕ್ಯಾನು ಕಟ್ಟಿಕೊಂಡು, ವಾಲ್ವಿನ ನೇರಕ್ಕೆ ಸಾಲಾಗಿ ನಿಂತಿವೆ. ಕಾರ್ಯಕ್ರಮ ಮುಗಿದ ಮೇಲೆ ಅವರು ಶಾಲೆಯ ಅಡುಗೆಮನೆಗೆ ಹೋಗಿ ಪಾಸ್ತೋರಾಳನ್ನು ಕೇಳಿದರು.

“ಅವು ನಿಮ್ಮ ಹೇಸರಗತ್ತೆಗಳಾ?”

“ಮತ್ತೆ ಇನ್ಯಾರವು? ಎಂಟು ಗಂಟೆಗೆ ಇಳೀತೀವಿ, ನೀವು ಚೆಲ್ಲಿದ್ದನ್ನ ಹಿಡ್ಕೋತೀವಿ, ಅಡ್ಡದಾರೀಲಿ ಓಡಿಬಂದು ನಿಮಗೆ ಚಪ್ಪಾಳೆ ತಟ್ಟೋಕೆ ನಿಂತ್ಕೋತೀವಿ. ಯಜಮಾನ್ರೇ, ಒಂದು ಉಪಕಾರ ಮಾಡಿ. ಕೊನೇ ತಿರುವಲ್ಲಿ ಸ್ವಲ್ಪ ನಿಧಾನ ಬನ್ನಿ. ಕಳೆದ ವಾರ ಮುದುಕ ಸೆನೋನನ ಹೇಸರಗತ್ತೆ ತಡವಾಗಿ ಬಂತು. ಚಪ್ಪಾಳೆ ಕಮ್ಮಿ ಆಯ್ತು ಅಂತ ಡಾಕ್ಟ್ರಮ್ಮ ಬರೆದ್ಕೊಂಡ್ರಂತೆ.”

“ಹೊತ್ತು ತಂದದ್ದು ಸಾಕಾಗುತ್ತಾ?”

“ಅರ್ಧ ದಾರೀಲೇ ತುಳುಕಿ ಹೋಗುತ್ತೆ. ಮಿಕ್ಕಿದ್ದು ಸೂಪಿಗೆ. ಸೋಮವಾರ, ಮಂಗಳವಾರ ಮಕ್ಕಳಿಗೆ ಸೂಪು. ಬುಧವಾರದಿಂದ ಒಣ ಅರೆಪಾ ರೊಟ್ಟಿ.” ಆಕೆ ಅವರ ಹೊಟ್ಟೆಯತ್ತ ಒಮ್ಮೆ ನೋಡಿದಳು. “ನಿಮ್ಮ ತೂಕ ಎಷ್ಟು, ಯಜಮಾನ್ರೇ?”

“ತೊಂಬತ್ತೊಂದು.”

“ತೊಂಬತ್ತೊಂದು ಲೀಟರ್ರು! ಎರಡು ದಿನದ ಸೂಪು ಅಲ್ಲಿ ನಿಂತು ಕೈ ಬೀಸ್ತಾ ಇದೆ ನೋಡಿ.”

ದೋನ್ ಬೆಲಾರ್ಮಿನೊಗೆ ಈ ಮಾತು ನಾಟಿತು. ಸೋಮವಾರವೇ ಡಾಕ್ಟರ್ ಯಮೀಲೆಯ ಮುಂದೆ ಹೋಗಿ, ಆ ಮುನ್ನೂರು ಮೀಟರ್ ಪೈಪು ತನ್ನ ಖರ್ಚಿನಲ್ಲೇ ಕೊಡಿಸುತ್ತೇನೆ ಎಂದರು. ಡಾಕ್ಟರ್ ಯಮೀಲೆ ಪ್ರತಿಷ್ಠಾನದ ನಿಯಮಾವಳಿ ತೆಗೆದು ಒಂಬತ್ತನೇ ಕಲಮನ್ನು ಓದಿದರು. ಚಾಂಪಿಯನ್ನರ ಒಳ್ಳೆಯತನದ ಏಕಸ್ವಾಮ್ಯ ಪ್ರತಿಷ್ಠಾನದ್ದು. ಅವರು ಖಾಸಗಿಯಾಗಿ ಒಳ್ಳೆಯದು ಮಾಡಿದರೆ ಪ್ರತಿಷ್ಠಾನದೊಂದಿಗೆ ಪೈಪೋಟಿಗೆ ಇಳಿದಂತಾಗುತ್ತದೆ.

“ಅಷ್ಟೇ ಅಲ್ಲ, ದೋನ್ ಬೆಲಾರ್ಮಿನೊ. ಪೈಪು ಬಂದರೆ ನೀರು ಬರುತ್ತೆ. ನೀರು ಬಂದರೆ ಕಾರ್ಯಕ್ರಮ ಮುಗೀತು. ಕಾರ್ಯಕ್ರಮ ಮುಗಿದರೆ ಗಾಡಿ ವಾಪಸ್ ಬೆಂಕಿ ಕೆಲಸಕ್ಕೆ ಹೋಗುತ್ತೆ. ನಿಜ ಹೇಳಿ, ನಿಮಗೆ ಗಾಡಿಯಿಂದ ಇಳಿಯೋಕೆ ಇಷ್ಟ ಇದೆಯಾ?”

ದೋನ್ ಬೆಲಾರ್ಮಿನೊಗೆ ಇಷ್ಟವಿರಲಿಲ್ಲ. ಒಣ ಅರೆಪಾ ತಿನ್ನುವ ಮಕ್ಕಳ ವಿಷಯ ಕೇಳಿ ಬಂದ ಮೇಲೂ ಇರಲಿಲ್ಲ. ಶನಿವಾರ ಬೆಳಿಗ್ಗೆ ಸೈರನ್ ಕೂಗಿದಾಗ ಅವರ ಮೊಣಕಾಲು ನೋವು ಮಾಯವಾಗುತ್ತಿತ್ತು. ಥೂ, ಎಂಥ ಮೇಕೆಯಪ್ಪಾ ನೀನು ಎಂದು ತಮ್ಮನ್ನು ತಾವೇ ಬೈದುಕೊಂಡರು. ಬೈದುಕೊಂಡು ನೇರ ಅಗ್ನಿಶಾಮಕ ದಳದ ಶೆಡ್ಡಿಗೆ ನಡೆದರು.

ಕ್ಯಾಪ್ಟನ್ ತಿಯೋದುಲೊ ಗಂಟೆಗೆ ಹೊಳಪು ಕೊಡುತ್ತಿದ್ದರು.

“ತಿಯೋದುಲೊ, ಈ ಕ್ಯಾನ್ವಾಸ್ ಪೈಪುಗಳೆಲ್ಲ ಸೇರಿ ಎಷ್ಟು ಭಾರ?”

“ಇನ್ನೂರು ಕಿಲೋ ಮೇಲೇ.”

“ನೀರೇ ಇಲ್ಲದ ಗಾಡಿಗೆ ಪೈಪು ಯಾಕಪ್ಪಾ? ಸುಮ್ಮನೆ ಭಾರ.”

ಕ್ಯಾಪ್ಟನ್ ಉಜ್ಜುವುದನ್ನು ನಿಲ್ಲಿಸಿದರು. “ಹದಿನೈದು ಪೈಪು. ಇಪ್ಪತ್ತು ಮೀಟರಿನವು,” ಎಂದರು ಮೆಲ್ಲಗೆ. “ಅಂದ್ರೆ ಸರಿಯಾಗಿ ಮುನ್ನೂರು.”

“ನಾನೇನೂ ಹೇಳಲಿಲ್ಲ.”

“ನಾನೂ ಏನೂ ಕೇಳಿಸ್ಕೊಂಡಿಲ್ಲ. ಆದ್ರೆ ನಿಯಮ ನಿಯಮವೇ. ಗಾಡಿ ಬೆಂಕಿ ಕೆಲಸದಲ್ಲಿದ್ರೆ ಪೈಪು ಗಾಡಿ ಮೇಲಿರಬೇಕು. ಮಾನವೀಯ ಕೆಲಸದಲ್ಲಿದ್ರೆ ‘ಕಾರ್ಯಸ್ಥಳದಲ್ಲಿ’ ಇರಬಹುದು ಅಂತ ಡಾಕ್ಟ್ರಮ್ಮನೇ ಬರೆಸಿದ್ದಾರೆ. ಆಲ್ತಾಪೀಡ್ರಾ ಕಾರ್ಯಸ್ಥಳವೇ ಅಲ್ವಾ?”

ಮಂಗಳವಾರ ಮಟಮಟ ಮಧ್ಯಾಹ್ನ, ಕಚೇರಿಗಳೆಲ್ಲ ಊಟಕ್ಕೆ ಬಾಗಿಲು ಹಾಕಿದ ಹೊತ್ತಿನಲ್ಲಿ, ಹನ್ನೊಂದು ಹೇಸರಗತ್ತೆಗಳು ಹದಿನೈದು ಪೈಪು ಹೊತ್ತು ಮೇಲೆ ಹೋದವು. ಆಲ್ತಾಪೀಡ್ರಾದವರು ಕುಸಿದ ಗುಡ್ಡದ ಮೇಲೆ ಅವನ್ನು ಒಂದಕ್ಕೊಂದು ಜೋಡಿಸಿದರು. ದೋನ್ ಬೆಲಾರ್ಮಿನೊ ಮಂಡಿಯೂರಿ ಕೂತು ಕೊಂಡಿಗಳನ್ನು ಬಿಗಿದರು. ಅಂಗೈಯಲ್ಲಿ ಬೊಬ್ಬೆ ಬಂತು. ಅಭ್ಯಾಸಬಲದಿಂದ ಮೂರು ಸಲ ತಲೆಯೆತ್ತಿ ಕ್ಯಾಮೆರಾ ಹುಡುಕಿದರು. ಅಲ್ಲಿದ್ದದ್ದು ಸೆನೋನನ ಹೇಸರಗತ್ತೆಯೊಂದೇ. ಅದು ಅವರನ್ನು ನೋಡಿ ಮುಖ ತಿರುಗಿಸಿತು.

ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ನಲ್ಲಿಗಳಲ್ಲಿ ಮೊದಲು ಗಾಳಿ, ಆಮೇಲೆ ಕೆಸರು, ಕೊನೆಗೆ ನೀರು ಬಂತು. ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಪಾತ್ರೆ ತರಲು ಓಡಿದ್ದರು. ಖಾಲಿ ಅಂಗಳದಲ್ಲಿ ದೋನ್ ಬೆಲಾರ್ಮಿನೊ ಒಬ್ಬರೇ ನಿಂತಿದ್ದರು. ಜೀವನದಲ್ಲಿ ಇಷ್ಟು ಸಂತೋಷ ಅವರಿಗೆ ಯಾವ ಬೆಟ್ಟದ ತುದಿಯಲ್ಲೂ ಆಗಿರಲಿಲ್ಲ. ಅದರ ಜೊತೆಗೆ, ಒಬ್ಬರಾದರೂ ಈ ಕಡೆ ತಿರುಗಿ ನೋಡಬಾರದೇ ಎಂದು ಸಣ್ಣ ನೋವೂ ಆಯಿತು. ಎರಡೂ ನಿಜ.

ಗುಟ್ಟು ಶನಿವಾರದವರೆಗೆ ಉಳಿಯಿತು. ಆ ದಿನ ವಾಹನ ಎಂದಿಗಿಂತ ಚುರುಕಾಗಿ ಏರಿತು. ಇನ್ನೂರು ಕಿಲೋ ಹಗುರಾಗಿದ್ದುದರಿಂದ ಮೇಯರರ ಇಬ್ಬರು ಭಾವಮೈದುನರಿಗೂ ಜಾಗ ಸಿಕ್ಕಿತ್ತು. ಆದರೆ ಆಲ್ತಾಪೀಡ್ರಾದ ನಲವತ್ತೆರಡು ಮನೆಗಳ ಬೇಲಿಗಳ ಮೇಲೂ ಒಗೆದ ಬಟ್ಟೆ ಒಣಗುತ್ತಿತ್ತು. ಚಾದರ, ಲಂಗ, ಶಾಲೆಯ ಸಮವಸ್ತ್ರ, ಆರು ವಾರದಿಂದ ನೀರು ಕಾಣದ ಕಾಲುಚೀಲಗಳು. ಡಾಕ್ಟರ್ ಯಮೀಲೆ ಒಂದು ಚಾದರವನ್ನು ಮುಟ್ಟಿ ನೋಡಿದರು. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದರು. ಆಮೇಲೆ ಪಾಸ್ತೋರಾ, ಕ್ಯಾಪ್ಟನ್ ಮತ್ತು ಚಾಂಪಿಯನ್ನರನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು.

“ಮುಂದಿನ ಶನಿವಾರ ಬೊಗೋಟಾದಿಂದ, ಪ್ರತಿಷ್ಠಾನಕ್ಕೆ ಹಣ ಕೊಡೋರ ಕಡೆಯಿಂದ, ಮೌಲ್ಯಮಾಪಕರು ಬರ್ತಾರೆ. ನೀರಿನ ಕಷ್ಟ ನೋಡೋಕೆ. ಈ ಹಳ್ಳಿಯಲ್ಲಿ ಕಷ್ಟ ಎಲ್ಲಿ ಇಟ್ಟಿದ್ದೀರಿ?”

“ನಾನೇ ಮಾಡಿದ್ದು,” ಎಂದರು ದೋನ್ ಬೆಲಾರ್ಮಿನೊ. “ಕಾರ್ಯಕ್ರಮ ಮುಚ್ಚಿಬಿಡಿ. ನಾನು ಗಾಡಿಯಿಂದ ಇಳೀತೀನಿ.”

ಇಷ್ಟು ಹೇಳಲು ಅವರಿಗೆ ಮೂವತ್ತಾರು ವರ್ಷ ಬೇಕಾಗಿತ್ತು. ಮೊದಲು ಬೆಚ್ಚಿಬಿದ್ದವಳು ಪಾಸ್ತೋರಾ.

“ಅಯ್ಯೋ, ಸುಮ್ನಿರಿ ಯಜಮಾನ್ರೇ! ಇಳಿದುಬಿಟ್ರೆ ಗಾಡಿ ಬೆಂಕಿ ಕೆಲಸಕ್ಕೆ ಹೋಗುತ್ತೆ. ಬೆಂಕಿ ಕೆಲಸಕ್ಕೆ ಹೋದ್ರೆ ಪೈಪು ಗಾಡಿ ಮೇಲಿರಬೇಕಂತೆ, ಕ್ಯಾಪ್ಟನ್ ಹೇಳಿದ್ರು. ಪೈಪು ಕಿತ್ಕೊಂಡು ಹೋದ್ರೆ ನಮಗೆ ನೀರು ಯಾರು ಕೊಡ್ತಾರೆ? ಪ್ರತೀ ವಾರ ಬರಬೇಕು ನೀವು. ಒಂದು ವಾರವೂ ತಪ್ಪಬಾರದು. ನೀರಿಲ್ಲದೆ ಬಂದ್ರೂ ಸರಿ, ಬಂದೇ ತೀರಬೇಕು!”

ಕ್ಯಾಪ್ಟನ್ ತಲೆಯಾಡಿಸಿದರು. ಡಾಕ್ಟರ್ ಯಮೀಲೆ ಆಗಲೇ ಪೆನ್ನು ತೆಗೆದಿದ್ದರು. ಆಕೆ ಕೆಟ್ಟವರಲ್ಲ, ಕಷ್ಟವನ್ನು ಅಚ್ಚುಕಟ್ಟಾಗಿ ಇಡಬೇಕೆನ್ನುವವರು, ಅಷ್ಟೇ. ಏಳನೇ ಸುತ್ತೋಲೆ ಅಲ್ಲೇ ಸಿದ್ಧವಾಯಿತು:

‘ಮಾನವೀಯ ಕಾರ್ಯದ ಘನತೆಯನ್ನು ಕಾಪಾಡುವ ಸಲುವಾಗಿ ಆಲ್ತಾಪೀಡ್ರಾದಲ್ಲಿ ಪ್ರತಿ ಶನಿವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನೀರಿನ ಅಭಾವವನ್ನು ಆಚರಿಸತಕ್ಕದ್ದು. ಆ ಅವಧಿಯಲ್ಲಿ ಬೇಲಿಯ ಮೇಲೆ ಬಟ್ಟೆ ಇರತಕ್ಕದ್ದಲ್ಲ. ಉಳಿದ ದಿನಗಳ ನೀರನ್ನು ಪ್ರತಿಷ್ಠಾನವು ಗಮನಕ್ಕೆ ತೆಗೆದುಕೊಳ್ಳುವುದಿಲ್ಲ.’

ಒಂದು ತೊಡಕು ಉಳಿಯಿತು. ಒರತೆಯ ನೀರು ಬಂದು ತುಂಬುವ, ಹಳ್ಳಿಯ ಮೇಲಿನ ತೊಟ್ಟಿಯ ವಾಲ್ವನ್ನು ಶನಿವಾರ ಮುಚ್ಚಬೇಕಾದವರು ಯಾರು? ಹಳ್ಳಿಯವರು ಒಬ್ಬರೂ ಒಪ್ಪಲಿಲ್ಲ.

“ಹರಿಯೋ ನೀರನ್ನ ನಿಲ್ಲಿಸೋ ಪಾಪ ನಮ್ಮ ಕೈಯಲ್ಲಿ ಮಾಡಿಸಬೇಡಿ,” ಎಂದಳು ಪಾಸ್ತೋರಾ. “ಕೊಡೋ ಯಜಮಾನ್ರು ಇವರೇ ಅಲ್ವಾ? ನಿಲ್ಲಿಸೋದೂ ಇವರೇ ಮಾಡ್ಲಿ. ಹನ್ನೆರಡಕ್ಕೆ ತೆರೆಯೋ ಪುಣ್ಯ ನಮಗಿರ್ಲಿ.”

ದೋನ್ ಬೆಲಾರ್ಮಿನೊ ಒಪ್ಪಿಕೊಂಡರು. ವಾಲ್ವು ಒಂಬತ್ತೂವರೆಯೊಳಗೆ ಮುಚ್ಚಿರಬೇಕು, ಅವರು ಹತ್ತಕ್ಕೆ ಚೌಕದಲ್ಲಿ ವಾಹನ ಹತ್ತಬೇಕು. ಅಷ್ಟು ಬೇಗ ಮೇಲೆ ಹೋಗಿ ಕೆಳಗೆ ಬರಲು ಒಂದೇ ದಾರಿ ಇತ್ತು. ಅವರು ಅಟ್ಟದಿಂದ ಹಳೆಯ ಸೈಕಲ್ ಇಳಿಸಿದರು.

ಈಗ ಪ್ರತಿ ಶನಿವಾರ ಬೆಳಿಗ್ಗೆ ಏಳಕ್ಕೆ ಚಾಂಪಿಯನ್ನರು ಏದುಸಿರು ಬಿಡುತ್ತ ಮೂರು ಶಿಲುಬೆಗಳ ತಿರುವನ್ನು ತುಳಿಯುತ್ತಾರೆ. ಮೊದಲ ವಾರ ಆರು ಕಡೆ ಇಳಿದು ತಳ್ಳಿದರು. ತಪ್ಪದೆ ತುಳಿದು ಈಗ ತೂಕ ಎಂಬತ್ತಮೂರಕ್ಕೆ ಇಳಿದಿದೆ. ಸಿಕ್ಕವರೆಲ್ಲ “ಮತ್ತೆ ಓಟಕ್ಕೆ ತಯಾರಿನಾ ದೋನ್ ಬೆಲಾರ್ಮಿನೊ?” ಎಂದು ಕೇಳುತ್ತಾರೆ. “ಹೌದು, ಬಡವರ ನಲ್ಲಿ ನಿಲ್ಲಿಸೋಕೆ,” ಎಂದು ಅವರು ನಿಜವನ್ನೇ ಹೇಳುತ್ತಾರೆ. ಕೇಳಿದವರು ನಗುತ್ತಾರೆ.

ಬೊಗೋಟಾದ ಮೌಲ್ಯಮಾಪಕರು ಬಂದ ಶನಿವಾರ ಎಲ್ಲವೂ ಸುತ್ತೋಲೆಯಂತೆಯೇ ನಡೆಯಿತು. ಬೇಲಿಗಳು ಬೋಳಾಗಿದ್ದವು. ನಲವತ್ತೆರಡು ಮನೆಯವರು ಖಾಲಿ ಪಾತ್ರೆ ಹಿಡಿದು ನಿಂತಿದ್ದರು. ಮೌಲ್ಯಮಾಪಕರು ತಾವೇ ನಲ್ಲಿ ತಿರುಗಿಸಿ, ಒಂದು ಹನಿಯೂ ಬಾರದ್ದನ್ನು ಕಂಡು ಕಣ್ಣೊರೆಸಿಕೊಂಡರು. ಸೈರನ್ ಕೂಗುತ್ತ ಖಾಲಿ ವಾಹನ ಬಂತು. ಅದರ ನೆತ್ತಿಯ ಮೇಲೆ, ಬೆಳಿಗ್ಗೆ ತಾನೇ ಮುಚ್ಚಿಬಂದ ವಾಲ್ವಿನ ತುಕ್ಕು ಇನ್ನೂ ಅಂಗೈಗೆ ಮೆತ್ತಿಕೊಂಡಿದ್ದ ದೋನ್ ಬೆಲಾರ್ಮಿನೊ ಬಲಗೈ ಬೀಸಿದರು. ಕಾರ್ಯಕ್ರಮವನ್ನು ಐದು ವರ್ಷ ಮುಂದುವರಿಸುವುದಾಗಿಯೂ, ನೀರಿಲ್ಲದ ಇನ್ನೂ ಒಂಬತ್ತು ಹಳ್ಳಿಗಳಿಗೆ ಇದೇ ಮಾದರಿಯನ್ನು ವಿಸ್ತರಿಸುವುದಾಗಿಯೂ ಮೌಲ್ಯಮಾಪಕರು ಅಲ್ಲೇ ಘೋಷಿಸಿದರು. ಚಪ್ಪಾಳೆಯ ಪ್ರಮಾಣ ತೃಪ್ತಿಕರವಾಗಿತ್ತು.

ಭಾಷಣಗಳು ಹನ್ನೆರಡನ್ನು ದಾಟಿ ಎಳೆಯತೊಡಗಿದವು. ಮೇಯರ್ ಎರಡನೇ ಸಲ ಮೈಕು ಹಿಡಿದಾಗ ಪಾಸ್ತೋರಾ ಜನರನ್ನು ಸರಿಸಿಕೊಂಡು ವಾಹನದ ಪಕ್ಕಕ್ಕೆ ಬಂದಳು. ನೋಡಿದವರಿಗೆ ಕೃತಜ್ಞತೆ ಹೇಳಲು ಬಂದಂತೆ ಕಾಣಲಿ ಎಂದು ಎರಡೂ ಕೈ ಮುಗಿದು ನಿಂತಳು.

“ಯಜಮಾನ್ರೇ, ಬೇಗ ಮುಗಿಸೋಕೆ ಹೇಳಿ,” ಎಂದಳು ಹಲ್ಲು ಕಚ್ಚಿ. “ಒಲೆ ಮೇಲೆ ಬೇಳೆ ಇಟ್ಟು ಬಂದಿದೀನಿ. ನೀರು ಬತ್ತಿ ತಳ ಹತ್ತುತ್ತೆ.”

ದೋನ್ ಬೆಲಾರ್ಮಿನೊ ಗಂಭೀರವಾಗಿ ತಲೆದೂಗಿದರು. ಮೇಯರರ ಕೈಯಿಂದ ಮೈಕು ತೆಗೆದುಕೊಂಡು, ಆಲ್ತಾಪೀಡ್ರಾದ ಬಾಯಾರಿದ ಜನರನ್ನು ತಾವು ಎಂದಿಗೂ ಕೈಬಿಡುವುದಿಲ್ಲ ಎಂದು ಒಂದೇ ವಾಕ್ಯದಲ್ಲಿ ಭಾಷಣ ಮುಗಿಸಿದರು. ಬಾಯಾರಿದ ಜನ ಅವಸರ ಅವಸರವಾಗಿ ಚಪ್ಪಾಳೆ ತಟ್ಟಿ, ತಮ್ಮ ತಮ್ಮ ನಲ್ಲಿಗಳ ಕಡೆ ಹೊರಟರು.